ಕೆ. ಗುಡಿ ಸಫಾರಿ: ಅಪ್ಪ ಬಸ್ಸಿನಿಂದ ನೋಡಿದ ಕಾಡಿನೊಳಗೆ ಎರಡು ಸುತ್ತು

ನಮ್ಮಪ್ಪ ಚಾಮರಾಜನಗರದಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಬಸ್ ಓಡಿಸುತ್ತಿದ್ದವರು. ಹೊಂಡರಬಾಳಿನ ಅರಣ್ಯ ಗೇಟು ದಾಟಿ, ಕೆ. ಗುಡಿ ಮೇಲೆ ಹಾದು, ಬೆಟ್ಟದಲ್ಲಿ ಜನರನ್ನು ಇಳಿಸಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. 1986ರಿಂದ 17 ವರ್ಷ. ನಡುವೆ ಒಂದೆರಡು ಸಲ ಬೇರೆ ರೂಟಿಗೆ ಹಾಕಿದ್ದು ಬಿಟ್ಟರೆ ಇದೇ ಅವರ ದಾರಿ. ಯಾವ ತಿರುವಿನಲ್ಲಿ ಆನೆ ದಾಟುತ್ತದೆ, ಯಾವ ಏರಿನಲ್ಲಿ ಸೆಕೆಂಡ್ ಗೇರಿಗೆ ಬರಬೇಕು ಎಲ್ಲ ಇವತ್ತಿಗೂ ಅವರ ಬಾಯಲ್ಲೇ ಇದೆ. ಆದರೆ ರಸ್ತೆ ಬಿಟ್ಟು ಕಾಡಿನ ಒಳಕ್ಕೆ ಒಂದು ಸಲವೂ ಹೋದವರಲ್ಲ. "ಪ್ಯಾಸೆಂಜರ್ ಬಿಟ್ಟು ನಾನೆಲ್ಲಿ ಹೋಗ್ಲವ್ವ?" ಅನ್ನುತ್ತಿದ್ದರು. ಈಗ ಅವರಿಗೆ 74. ಹೋದ ಡಿಸೆಂಬರ್‌ನಲ್ಲಿ ಕರೆದುಕೊಂಡು ಹೋಗಿ ಕೆ. ಗುಡಿಯಲ್ಲಿ ಎರಡು ಸಫಾರಿ ಮಾಡಿಸಿದೆ. ಒಂದು ಸಂಜೆ, ಒಂದು ಬೆಳಗ್ಗೆ. ಅದರ ವಿಚಾರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮಗೆ ಹುಲಿ ಕಾಣಲಿಲ್ಲ. ಆದರೂ ಐದಕ್ಕೆ ಐದು ಕೊಡುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕೆ. ಗುಡಿ ಅಂದರೆ ಕ್ಯಾತೇದೇವರ ಗುಡಿ. ಚಾಮರಾಜನಗರದಿಂದ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ನಡುವೆ ಇದೆ. ಮೈಸೂರು ಮಹಾರಾಜರು ಬೇಟೆಗೆ ಬಂದು ಇಳಿದುಕೊಳ್ಳುತ್ತಿದ್ದ ಬಂಗಲೆ ಇರುವ ಜಾಗ. 1974ರಲ್ಲಿ ಈ ಬೆಟ್ಟಗಳು ವನ್ಯಧಾಮವಾದವು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 575 ಚದರ ಕಿಲೋಮೀಟರ್. ಬಂಡೀಪುರಕ್ಕೆ ಹೋಲಿಸಿದರೆ ಸಣ್ಣದು. ಆದರೆ ಇದು ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಸೇತುವೆ ಹಾಗೆ ನಿಂತಿರುವ ಕಾಡು. ಈ ಕಡೆ ಸತ್ಯಮಂಗಲ, ಆ ಕಡೆ ಮಲೆ ಮಹದೇಶ್ವರ ಬೆಟ್ಟ. ಆನೆಗಳು ಇವುಗಳ ಮಧ್ಯೆ ಓಡಾಡಿಕೊಂಡೇ ಬದುಕುತ್ತವೆ.

ನಾನು ಮೈಸೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಬಟ್ಟೆಯ ಬಣ್ಣ, ನೇಯ್ಗೆ, ಮಡಿಕೆ ನೋಡಿ ನೋಡಿ ಕಣ್ಣು ಪಳಗಿದೆ. ಅದಕ್ಕೇ ಇರಬೇಕು, ಈ ಬೆಟ್ಟ ಹತ್ತುವಾಗ ನನಗೆ ಮೊದಲು ಕಂಡಿದ್ದು ಪ್ರಾಣಿ ಅಲ್ಲ, ಕಾಡಿನ ಬಣ್ಣ ಬದಲಾಗಿದ್ದು. ಹೊಂಡರಬಾಳು ಗೇಟಿನ ಹತ್ತಿರ ಕುರುಚಲು ಕಾಡು. ಜಾಲಿ, ಕಗ್ಗಲಿ, ಎಲಚಿ, ನಡುನಡುವೆ ಕತ್ತಾಳೆ. ಎಲ್ಲ ಬೂದು ಹಸಿರು, ಒರಟು ಖಾದಿ ಹಾಗೆ. ರಸ್ತೆ ಬದಿಯಲ್ಲಿ ನವಿಲು ಇದ್ದವು. ಸ್ವಲ್ಪ ಮೇಲೆ ಹೋದರೆ ದಿಂಡಿಗ, ಮತ್ತಿ, ಹೊನ್ನೆ, ತೇಗ ಶುರುವಾಗುತ್ತವೆ. ಡಿಸೆಂಬರ್ ಆದ್ದರಿಂದ ಎಲೆ ಇನ್ನೂ ಪೂರ್ತಿ ಉದುರಿರಲಿಲ್ಲ. ಹಳದಿ, ತಾಮ್ರ, ಹಸಿರು ಮೂರೂ ಒಂದೇ ಕೊಂಬೆಯಲ್ಲಿ. ಇನ್ನೂ ಮೇಲೆ ಬಂದರೆ ಗಾಳಿಯೇ ತಣ್ಣಗಾಗುತ್ತದೆ. ಮರಗಳ ಮೈ ಮೇಲೆ ಹಾವಸೆ, ಸೀತಾಳೆ ಗಿಡ. ಹಳ್ಳದ ದಂಡೆಯಲ್ಲಿ ಕಡುಹಸಿರು. ಅರ್ಧ ಗಂಟೆ ಗಾಡಿ ಓಡಿಸುವುದರೊಳಗೆ ಮೂರು ಬೇರೆ ಬೇರೆ ಕಾಡು. ಇಷ್ಟು ಚಿಕ್ಕ ದಾರಿಯಲ್ಲಿ ಇಷ್ಟು ಬದಲಾವಣೆ ನಾನು ಬೇರೆಲ್ಲೂ ನೋಡಿಲ್ಲ. ನಿದ್ದೆ ಮಾಡಿಕೊಂಡು ಬರಬೇಡಿ. ಸಫಾರಿ ಶುರುವಾಗುವುದು ಜೀಪು ಹತ್ತಿದ ಮೇಲಲ್ಲ, ಗೇಟಿನಲ್ಲೇ.

ಸಂಜೆ ಸಫಾರಿಗೆ ಜೀಪು ಹತ್ತುವಾಗ ಅಪ್ಪನ ಮೊಣಕಾಲಿನದೇ ನನಗೆ ಚಿಂತೆಯಾಗಿತ್ತು. ಜೀಪಿನ ಮೆಟ್ಟಿಲು ಯಾವತ್ತೂ ಎತ್ತರವೇ. ನಮ್ಮ ಡ್ರೈವರ್ ಅಣ್ಣ ಅದನ್ನು ನೋಡಿದ ತಕ್ಷಣ ಒಳಗೆ ಹೋಗಿ ಒಂದು ಮರದ ಸ್ಟೂಲು ತಂದು ಇಟ್ಟರು. "ನಿಧಾನಕ್ಕೆ ಹತ್ತಿ ಯಜಮಾನ್ರೇ, ಕಾಡು ಎಲ್ಲೂ ಓಡೋಗಲ್ಲ" ಅಂದರು. ಮುಂದಿನ ಸೀಟಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಕೇಳಿಕೊಳ್ಳಿ. ಹಿಂದಿನ ಸೀಟಿನಲ್ಲಿ ಕುಲುಕಾಟ ಜಾಸ್ತಿ, ಸೊಂಟಕ್ಕೆ ಆಗುವುದಿಲ್ಲ.

ಡ್ರೈವರ್ ಅಣ್ಣ ಸೋಲಿಗರು, ಈ ಬೆಟ್ಟದ ಬುಡಕಟ್ಟಿನವರು. ಇದೇ ಕಾಡಿನ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಹುಟ್ಟಿ ಬೆಳೆದವರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಆದರೆ ಈ ಸಫಾರಿಗೆ ಬೆಲೆ ಬಂದಿದ್ದೇ ಅವರಿಂದ. ಅಪ್ಪ ತಾನು ಈ ರೂಟಿನಲ್ಲಿ ಬಸ್ ಓಡಿಸುತ್ತಿದ್ದೆ ಅಂದಾಗ ಅವರು ತಿರುಗಿ ನೋಡಿದರು. "ಕೆಂಪು ಬಸ್ಸಾ? ಬೆಳಗ್ಗೆ ಬರೋದು?" ಅಂತ ಕೇಳಿದರು. ಅಪ್ಪನ ಮುಖ ಅವರಿಗೆ ನೆನಪಿರಲಿಲ್ಲ. ಬಸ್ಸು ನೆನಪಿತ್ತು. ಅದರ ಹಾರನ್ ಕೇಳಿದರೆ ಪೋಡಿನ ಮಕ್ಕಳೆಲ್ಲ ರಸ್ತೆಗೆ ಓಡಿ ಬರುತ್ತಿದ್ದರಂತೆ. ಅಲ್ಲಿಂದ ಮುಂದೆ ಇಬ್ಬರ ಮಾತು ನಿಲ್ಲಲೇ ಇಲ್ಲ. ಪ್ರಾಣಿ ಕಂಡಾಗ ಮಾತ್ರ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಿದ್ದರು.

ಮೊದಲು ಸಿಕ್ಕಿದ್ದು ಜಿಂಕೆ ಹಿಂಡು. ಮೇಲೆ ಮರದಲ್ಲಿ ಮುಸುವ, ಕೆಳಗೆ ಜಿಂಕೆ. ಮುಸುವ ಎಲೆ, ಕಾಯಿ ಕಿತ್ತು ಅರ್ಧ ತಿಂದು ಅರ್ಧ ಬೀಳಿಸುತ್ತದೆ. ಬಿದ್ದದ್ದು ಜಿಂಕೆಗೆ ಊಟ. ಅದಕ್ಕೆ ಬದಲಾಗಿ ಎರಡೂ ಒಂದಕ್ಕೊಂದು ಕಾವಲು. ಮೇಲಿನಿಂದ ಮುಸುವನಿಗೆ ದೂರದ್ದು ಕಾಣುತ್ತದೆ. ಕೆಳಗೆ ಜಿಂಕೆಗೆ ವಾಸನೆ ತಿಳಿಯುತ್ತದೆ. ನೆಲ್ಲಿ ಮರದ ಹತ್ತಿರ ಜೀಪು ನಿಲ್ಲಿಸಿ ಡ್ರೈವರ್ ಅಣ್ಣ ಇನ್ನೊಂದು ವಿಷಯ ಹೇಳಿದರು. ಜಿಂಕೆ, ಕಾಡುಕುರಿ ನೆಲ್ಲಿಕಾಯಿಯನ್ನು ಇಡಿಯಾಗಿ ನುಂಗಿಬಿಡುತ್ತವೆ. ಆಮೇಲೆ ಎಲ್ಲೋ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಬೀಜವನ್ನು ಉಗಿಯುತ್ತವೆ. ಅಲ್ಲಿ ಹೊಸ ಗಿಡ. "ನೆಲ್ಲಿ ನಡೋದು ನಾವಲ್ಲ ಅಕ್ಕ, ಅವು" ಅಂದರು. ಅದೇ ಮರದ ಕೊಂಬೆಯಲ್ಲಿ ಬೇರೆ ಥರದ ದಪ್ಪ ಎಲೆಯ ಗಿಡವೊಂದು ಗುಂಪಾಗಿ ಅಂಟಿಕೊಂಡಿತ್ತು. ಮರದ ರಸ ಹೀರಿ ಬದುಕುವ ಬಂದಣಿಕೆ. ಸೋಲಿಗರು ಅದಕ್ಕೆ ಉಪ್ಪಿಲು ಅನ್ನುತ್ತಾರೆ. ಅದು ಜಾಸ್ತಿಯಾದರೆ ನೆಲ್ಲಿ ಮರ ಒಣಗಿಹೋಗುತ್ತದೆ.

ಆಮೇಲೆ ಕೆಂದಳಿಲು. ಇದನ್ನು ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಮರದ ತುದಿಯಲ್ಲಿ ಕೊಂಬೆಗೆ ಅಡ್ಡ ಬಿದ್ದುಕೊಂಡು ಏನೋ ಕಾಯಿ ಕೊರೆಯುತ್ತಿತ್ತು. ಬಾಲ ಕೆಳಕ್ಕೆ ಜೋತುಬಿದ್ದಿತ್ತು, ಮೈಯಷ್ಟೇ ಉದ್ದ. ಬೆನ್ನಿನ ಬಣ್ಣ ನೋಡಿ. ನಮ್ಮ ಕೊಳ್ಳೇಗಾಲದ ರೇಷ್ಮೆ ಸೀರೆಯಲ್ಲಿ ಹಳೆಯ ಮರೂನ್ ಅಂತ ಒಂದು ಬರುತ್ತದೆ, ಬಿಸಿಲಿಗೆ ಹಿಡಿದರೆ ಕೆಂಪು, ನೆರಳಿಗೆ ತಂದರೆ ಕಪ್ಪು. ಅದೇ ಬಣ್ಣ. ಹೊಟ್ಟೆ ಕೆನೆ ಬಿಳಿ. ಎರಡು ಬಣ್ಣ ಸೇರುವ ಕಡೆ ಹೊಲಿಗೆ ಹಾಕಿದಷ್ಟು ನೇರ ಗೆರೆ. ಆ ಮರದಿಂದ ಈ ಮರಕ್ಕೆ ಹಾರಿತು ನೋಡಿ, ನಡುವೆ ಇಪ್ಪತ್ತು ಅಡಿಗೆ ಕಡಿಮೆ ಇರಲಿಲ್ಲ. ಇದು ನೆಲಕ್ಕೆ ಇಳಿಯುವುದೇ ಅಪರೂಪ. ಹಾಗಾಗಿ ಮೇಲೆ ಕೊಂಬೆಗೆ ಕೊಂಬೆ ತಾಕುವ ಕಾಡು ಇದ್ದರೆ ಮಾತ್ರ ಇದು ಇರುತ್ತದೆ. ನಡುವೆ ಮರ ಕಡಿದು ಬಯಲು ಮಾಡಿದರೆ ಇದಕ್ಕೆ ರಸ್ತೆಯೇ ಇಲ್ಲ. ಅಪ್ಪ ಅದನ್ನು ನೋಡಿ, "ಇಷ್ಟು ವರ್ಷ ಇದು ನನ್ನ ತಲೆ ಮೇಲೆ ಓಡಾಡ್ತಿತ್ತು, ನಾನು ರೋಡ್ ನೋಡ್ತಿದ್ದೆ" ಅಂದರು.

ಸಂಜೆ ಐದರ ಹೊತ್ತಿಗೆ ಒಂದು ಕಡವೆ ಕೂಗಿತು. ಹಳ್ಳದ ಆಚೆಯಿಂದ. "ಢಂಕ್" ಅಂತ ಒಂದೇ ಏಟು. ಅಪ್ಪ ಮೆಲ್ಲಗೆ, "ಹಾರನ್ ಅರ್ಧ ಒತ್ತಿದ ಹಾಗಿದೆ" ಅಂದರು. ಡ್ರೈವರ್ ಅಣ್ಣ ಇಂಜಿನ್ ಆಫ್ ಮಾಡಿದರು. ಜಿಂಕೆ ಸಣ್ಣಪುಟ್ಟದ್ದಕ್ಕೂ ಕೂಗುತ್ತದೆ, ಕಡವೆ ಹಾಗಲ್ಲ, ಅದು ಪದೇ ಪದೇ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇದೆ ಅಂತ ನಂಬಬಹುದು ಎಂದು ಪಿಸುಮಾತಿನಲ್ಲಿ ಹೇಳಿದರು. ನಾವು ಇಪ್ಪತ್ತು ನಿಮಿಷ ಅಲ್ಲೇ ಕೂತೆವು. ಇಂಜಿನ್ ಆರಿದ ಮೇಲೆ ಕಾಡು ತಾನಾಗಿ ಕೇಳಿಸುವುದಕ್ಕೆ ಶುರುವಾಗುತ್ತದೆ. ಮೊದಲು ಎಲೆ ಬೀಳುವ ಸದ್ದು. ಆಮೇಲೆ ಹಳ್ಳದ ನೀರು. ಆಮೇಲೆ ಕುಟ್ರುಹಕ್ಕಿ, ಎಡೆಬಿಡದೆ. ಎಲ್ಲೋ ಮರಕುಟಿಗ. ಭೀಮರಾಜ ಅಂತ ಒಂದು ಕಾಜಾಣ ಇದೆ, ಬಾಲದಲ್ಲಿ ಎರಡು ಉದ್ದನೆಯ ತಂತಿ, ತಂತಿಯ ತುದಿಯಲ್ಲಿ ಒಂದೊಂದು ಗರಿ. ಅದು ಬೇರೆ ಹಕ್ಕಿಗಳ ದನಿಯನ್ನೆಲ್ಲ ಅನುಕರಿಸುತ್ತದೆ. ನಾವು ಕೂತಿದ್ದಾಗ ನಾಲ್ಕು ಹಕ್ಕಿಯ ದನಿ ತೆಗೆಯಿತು. ಒಂದೇ ಕೊಂಬೆಯಲ್ಲಿ ಕೂತುಕೊಂಡೇ.

ಇಲ್ಲಿ ಒಂದು ಬೇಸರದ ವಿಷಯ ಹೇಳಲೇಬೇಕು. ನಮ್ಮ ಜೀಪಿನಲ್ಲಿ ಹಿಂದೆ ನಾಲ್ಕು ಜನ ಹುಡುಗರಿದ್ದರು. ಹತ್ತು ನಿಮಿಷಕ್ಕೇ ಅವರಿಗೆ ಸಾಕಾಯಿತು. ಒಬ್ಬ ಮೊಬೈಲಿನಲ್ಲಿ ಹುಲಿ ಗರ್ಜನೆಯ ಸದ್ದು ಹಾಕಿದ. ಆ ಕ್ಷಣದಲ್ಲಿ ಭೀಮರಾಜ ಸುಮ್ಮನಾಯಿತು. ಕಡವೆಯೂ ಸುಮ್ಮನಾಯಿತು. ಡ್ರೈವರ್ ಅಣ್ಣ ದನಿ ಏರಿಸಲಿಲ್ಲ. "ಸಾರ್, ಅದನ್ನ ಜೇಬಲ್ಲಿ ಇಡಿ. ಇಲ್ಲಿ ಮರಿ ಹಾಕಿರೋ ಪ್ರಾಣಿಗಳಿರ್ತವೆ" ಅಂದರು, ಅಷ್ಟೇ. ಆದರೆ ಅವರ ಮುಖ ನೋಡಿ ನನಗೆ ಸಂಕಟವಾಯಿತು. ಅವರ ಮನೆಯ ಅಂಗಳಕ್ಕೆ ಬಂದು ನಾವು ಗಲಾಟೆ ಮಾಡಿದ ಹಾಗಾಯಿತು, ಅಲ್ವಾ? ಹೋಗುವವರು ದಯವಿಟ್ಟು ಮಕ್ಕಳಿಗೆ, ಸ್ನೇಹಿತರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಹುಲಿ ನೋಡುವ ಹಟ ಇದ್ದರೆ ಮೃಗಾಲಯಕ್ಕೆ ಹೋಗುವುದು ಒಳ್ಳೆಯದು. ಮೈಸೂರಿನದು ಚೆನ್ನಾಗಿದೆ.

ರಾತ್ರಿ ನಾವು ಉಳಿದದ್ದು ಕೆ. ಗುಡಿಯಲ್ಲಲ್ಲ. ಅಲ್ಲಿನ ವಸತಿ ನಮಗೆ ಸಿಗಲಿಲ್ಲ, ಮೊದಲೇ ಬುಕ್ ಮಾಡಬೇಕಿತ್ತು. ಬೆಟ್ಟದ ಬುಡದ ಕಡೆ, ಕಾಡಿನ ಅಂಚಿಗೆ ಒಂದು ಖಾಸಗಿ ಜಾಗದಲ್ಲಿ ಉಳಿದೆವು. ಹೆಸರು ಬರೆಯುವುದಿಲ್ಲ. ಊಟ ಚೆನ್ನಾಗಿತ್ತು, ರಾಗಿ ಮುದ್ದೆ, ಅವರೆಕಾಳು ಸಾರು. ಆದರೆ ರಾತ್ರಿ ಹನ್ನೊಂದರವರೆಗೆ ಹಾಡು ಹಾಕಿದ್ದರು. ಅದಕ್ಕಿಂತ ಹೆಚ್ಚಿಗೆ ನನಗೆ ನೋವಾದದ್ದು ಒಂದು ದೊಡ್ಡ ಲೈಟು. ಹಿತ್ತಲಿನ ನೀರಿನ ಹೊಂಡದ ಮೇಲೆ, ಕಾಡಿನ ಕಡೆ ಮುಖ ಮಾಡಿ ಬಿಟ್ಟಿದ್ದರು. ಪ್ರಾಣಿ ಬಂದರೆ ಗೆಸ್ಟುಗಳಿಗೆ ಕಾಣಲಿ ಅಂತ. ರಾತ್ರಿಯೆಲ್ಲ ಉರಿಯಿತು. ಒಂದು ಮೊಲವೂ ಬರಲಿಲ್ಲ. ಬಾಯಾರಿದ ಪ್ರಾಣಿ ಕತ್ತಲಲ್ಲಿ ನಿಂತು ಆ ಬೆಳಕು ನೋಡಿ ವಾಪಸ್ ಹೋಗಿರಬಹುದು ಅಂತ ಯೋಚಿಸಿದರೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅವರಿಗೆ ಹೇಳಿದೆ. ಕೇಳಿಸಿಕೊಂಡರು. ನೀವೂ ಎಲ್ಲಾದರೂ ಇಂಥದ್ದು ಕಂಡರೆ ಹೇಳಿ. ಗಿರಾಕಿಗಳು ಹೇಳಿದರೆ ಆರಿಸುತ್ತಾರೆ.

ಬೆಳಗಿನ ಸಫಾರಿಯೇ ಹೆಚ್ಚು. ಒಂದನ್ನೇ ಮಾಡುವುದಾದರೆ ಬೆಳಗ್ಗೆ ಹೋಗಿ. ಚಳಿ ಮಾತ್ರ ಜಾಸ್ತಿ. ಜೀಪು ತೆರೆದದ್ದು, ಗಾಳಿ ಕಿವಿಯೊಳಕ್ಕೆ ನುಗ್ಗುತ್ತದೆ. ಅಪ್ಪನಿಗೆ ಸ್ವೆಟರ್, ಮಫ್ಲರ್, ಮೇಲೆ ಒಂದು ಕಂಬಳಿ. ನಾನು ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿಕೊಂಡು ಹೋಗಿದ್ದು ಒಳ್ಳೆಯದಾಯಿತು. ಬಟ್ಟೆಯ ಬಗ್ಗೆ ನನ್ನ ಕಸುಬಿನ ಮಾತು ಕೇಳಿ. ಬಿಳಿ ಬೇಡ, ಹೊಳೆಯುವ ನೈಲಾನ್ ಬೇಡ. ಅದು ಉಜ್ಜಿದಾಗ ಸರಸರ ಸದ್ದು ಮಾಡುತ್ತದೆ. ಮೆತ್ತನೆಯ ಹತ್ತಿ, ಮಣ್ಣು ಬಣ್ಣ ಅಥವಾ ಮಾಸಲು ಹಸಿರು. ಸೆಂಟ್ ಹಾಕಿಕೊಳ್ಳಬೇಡಿ.

ಗೇಟಿನಿಂದ ಸ್ವಲ್ಪ ದೂರದಲ್ಲೇ ಡ್ರೈವರ್ ಅಣ್ಣ ಜೀಪು ನಿಲ್ಲಿಸಿ ದಾರಿಯ ಮಣ್ಣು ತೋರಿಸಿದರು. ಹುಲಿ ಹೆಜ್ಜೆ. ನಾವು ಇಳಿಯುವ ಹಾಗಿಲ್ಲ, ಜೀಪಿನಿಂದಲೇ ಬಗ್ಗಿ ನೋಡಿದೆವು. ನನ್ನ ಅಂಗೈಗಿಂತ ದೊಡ್ಡದು. ನಾಲ್ಕು ಬೆರಳು, ಹಿಂದೆ ಅಗಲವಾದ ಮೆತ್ತೆ. ಉಗುರಿನ ಗುರುತಿಲ್ಲ, ಯಾಕೆಂದರೆ ನಡೆಯುವಾಗ ಹುಲಿ ಉಗುರನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ನಾಯಿ ಜಾತಿಯದಾದರೆ ಉಗುರು ಕಾಣುತ್ತದೆ. ಇಷ್ಟು ಯಾರಾದರೂ ಹೇಳುತ್ತಾರೆ. ಆದರೆ ಅಣ್ಣ ಕೇಳಿದರು, "ಯಾವಾಗ ಹೋಯ್ತು ಹೇಳಿ ನೋಡೋಣ?"

ಹೆಜ್ಜೆ ಬಿದ್ದಿದ್ದು ಟೈರಿನ ಗುರುತಿನ ಮೇಲೆ. ಅದು ನಿನ್ನೆ ಸಂಜೆ ನಮ್ಮದೇ ಜೀಪು ಹೋದ ಗುರುತು. ಅಂದರೆ ನಾವು ಹೋದ ಮೇಲೆ ಬಂದಿದೆ. ಇನ್ನೂ ಬಗ್ಗಿ ನೋಡಿದರೆ ಹೆಜ್ಜೆಯ ಒಳಗೆ ಸಣ್ಣ ಸಣ್ಣ ಗುಳಿ. ಮೇಲಿನ ಮರದ ಎಲೆಯಿಂದ ಇಬ್ಬನಿ ತೊಟ್ಟಿಕ್ಕಿದ ಗುರುತು. ಇಬ್ಬನಿ ತೊಟ್ಟಿಕ್ಕುವುದು ಬೆಳಗಿನ ಜಾವ. ಅಂದರೆ ಅದಕ್ಕೆ ಮುಂಚೆ ದಾಟಿದೆ. ಒಂದು ಅಂಚಿನಲ್ಲಿ ಹುಳುವೊಂದು ಹರಿದುಹೋದ ದಾರದಂಥ ಗೆರೆ ಬೇರೆ ಇತ್ತು. ಮೂರು ಗುರುತು ಒಂದರ ಮೇಲೊಂದು ಬಿದ್ದು ರಾತ್ರಿ ನಡೆದದ್ದನ್ನೆಲ್ಲ ಅಲ್ಲೇ ಹೇಳುತ್ತಿದ್ದವು. ನನಗೆ ಹುಲಿ ಕಂಡಷ್ಟೇ ಸಂತೋಷವಾಯಿತು. ಸುಳ್ಳಲ್ಲ.

ಮುಂದೆ ದಾರಿಗಳು ಕೂಡುವ ಕಡೆ ಸೀಳುನಾಯಿಗಳ ಹಿಕ್ಕೆ ಇತ್ತು. ಒಣಗಿದ್ದರಲ್ಲಿ ಜಿಂಕೆಯ ಕೂದಲು ಹಾಗೇ ಕಾಣುತ್ತಿತ್ತು. ಇವು ದಾರಿ ಕೂಡುವ ಜಾಗದಲ್ಲೇ ಹಿಕ್ಕೆ ಹಾಕುತ್ತವೆ, ಬೇರೆ ಗುಂಪಿಗೆ ಗೊತ್ತಾಗಲಿ ಅಂತ. ಹಗಲಿನಲ್ಲೇ ಬೇಟೆ. ಬೊಗಳುವುದಿಲ್ಲ, ಸಿಳ್ಳೆ ಹಾಕುತ್ತವೆ. ಜಗತ್ತಿನಲ್ಲೇ ಅಳಿವಿನ ಅಂಚಿಗೆ ಹೋಗುತ್ತಿರುವ ಪ್ರಾಣಿ ಇದು. ಹುಲಿಗೆ ಸಿಗುವ ಗಮನದಲ್ಲಿ ಕಾಲು ಭಾಗವೂ ಇದಕ್ಕೆ ಸಿಕ್ಕಿಲ್ಲ.

ಈಗ ಲಂಟಾನದ ವಿಷಯ. ಇದನ್ನು ಬಿಟ್ಟರೆ ಈ ಬರಹ ಪೂರ್ತಿಯಾಗುವುದಿಲ್ಲ.

ಬೆಟ್ಟದ ರಸ್ತೆಯ ಎರಡೂ ಕಡೆ, ಸಫಾರಿ ದಾರಿಯ ಎರಡೂ ಕಡೆ, ಆಳೆತ್ತರಕ್ಕೆ ಮೀರಿದ ಲಂಟಾನ. ಹೂವು ನೋಡಲು ಚೆಂದವೇ. ಹಳದಿ, ಕಿತ್ತಳೆ, ಗುಲಾಬಿ. ಆದರೆ ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಮರದ ಸಸಿ ಏಳುವುದಿಲ್ಲ. ಇದು ಈ ನೆಲದ ಗಿಡವೂ ಅಲ್ಲ, ಅಮೆರಿಕದ ಕಡೆಯಿಂದ ಬ್ರಿಟಿಷರ ಕಾಲದಲ್ಲಿ ತೋಟದ ಅಂದಕ್ಕೆ ತಂದದ್ದು. ಅಪ್ಪ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು. "ಆವಾಗ ಹಿಂಗಿರ್ಲಿಲ್ಲ ಕಣವ್ವ. ಬಸ್ಸಲ್ಲಿ ಕೂತು ನೋಡಿದ್ರೆ ಮರದ ಬುಡ ಕಾಣ್ತಿತ್ತು. ಬುಡದಾಚೆ ಇನ್ನೊಂದು ಬುಡ ಕಾಣ್ತಿತ್ತು. ಅಷ್ಟು ದೂರದಲ್ಲಿ ಜಿಂಕೆ ಮೇಯೋದು ಕಾಣ್ತಿತ್ತು." ಒಂದು ತಿರುವಿನಲ್ಲಿ ಆನೆ ಕೂತ ಹಾಗಿರುವ ಒಂದು ಬಂಡೆ ಇತ್ತಂತೆ. ಅದು ಕಂಡ ತಕ್ಷಣ ಗೇರ್ ಇಳಿಸುತ್ತಿದ್ದರಂತೆ. ಹೋಗುವಾಗ ಆ ತಿರುವಿನಲ್ಲಿ ಹುಡುಕಿದೆವು. ಬಂಡೆ ಕಾಣಲಿಲ್ಲ. ಲಂಟಾನವೇ ಗೋಡೆ.

ಡ್ರೈವರ್ ಅಣ್ಣ ಇದಕ್ಕೆ ಕಾರಣ ಹೇಳಿದರು. ಅವರ ಅಜ್ಜನ ಕಾಲದಲ್ಲಿ ತರಗು ಬೆಂಕಿ ಅಂತ ಹಾಕುತ್ತಿದ್ದರು. ಚಳಿಗಾಲ ಮುಗಿಯುವ ಹೊತ್ತಿಗೆ, ಎಲೆ ಉದುರಿ ತರಗು ಬಿದ್ದಾಗ, ನೆಲದಲ್ಲಿ ಇನ್ನೂ ತೇವ ಇರುವಾಗ ಸಣ್ಣ ಬೆಂಕಿ. ಮೊಣಕಾಲೆತ್ತರಕ್ಕೂ ಬಾರದ ಬೆಂಕಿ. ತರಗು ಸುಟ್ಟು ಹೋಗುತ್ತಿತ್ತು, ಮರ ಸುಡುತ್ತಿರಲಿಲ್ಲ. ಲಂಟಾನದ ಸಸಿ, ಕೆಳಗಿನ ಉಪ್ಪಿಲು ಸುಟ್ಟುಹೋಗುತ್ತಿತ್ತು. ಮಳೆ ಬಿದ್ದರೆ ಹುಲ್ಲು ಬರುತ್ತಿತ್ತು. ವನ್ಯಧಾಮವಾದ ಮೇಲೆ ಬೆಂಕಿ ಹಾಕುವುದು ನಿಂತಿತು. ಲಂಟಾನ ಬೆಳೆಯಿತು. ಈಗ ಬೇಸಿಗೆಯಲ್ಲಿ ಎಲ್ಲಾದರೂ ಕಿಡಿ ಬಿದ್ದರೆ ಆ ಒಣ ಲಂಟಾನವೇ ಸೌದೆ. ಬೆಂಕಿ ಮರದ ತುದಿಗೆ ಏರುತ್ತದೆ. ಇದು ಬರೀ ಹಿರಿಯರ ಮಾತಲ್ಲ. ಬೆಟ್ಟದಲ್ಲಿ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಅಧ್ಯಯನ ಮಾಡುತ್ತಿದ್ದಾರೆ. ಸೋಲಿಗರು ಹೇಳುವ ಈ ಸಂಬಂಧವನ್ನು ಅವರೂ ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ.

ಇನ್ನೊಂದು ವಿಷಯ ನನಗೆ ಇಲ್ಲಿಗೆ ಹೋಗುವವರೆಗೆ ಗೊತ್ತಿರಲಿಲ್ಲ. ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸಮುದಾಯದ ಹಕ್ಕೂ ಸಿಕ್ಕಿತು. ದೇಶದಲ್ಲಿ ಒಂದು ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹಾಗೆ ಹಕ್ಕು ಸಿಕ್ಕಿದ್ದು ಅದೇ ಮೊದಲು. ಜೇನು, ನೆಲ್ಲಿ, ಮರದ ಪಾಚಿ ತರುವ ಹಕ್ಕು, ಕಾಡನ್ನು ಕಾಯುವ ಹಕ್ಕು. ಕಾಡು ಹೆಂಗೆ ಉಳಿಯಬೇಕು ಅನ್ನುವ ಮಾತಿನಲ್ಲಿ ಅವರ ಮಾತಿಗೆ ಇನ್ನೂ ಹೆಚ್ಚು ಬೆಲೆ ಬರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಒಂದು ಹೆಜ್ಜೆ ಗುರುತಿನಲ್ಲಿ ರಾತ್ರಿಯನ್ನೇ ಓದುವವರಿಗೆ ಗೊತ್ತಿಲ್ಲದ್ದು ಏನಿದೆ?

ಒಳ್ಳೆಯದೂ ನೋಡಿದೆವು. ದಾರಿಯ ಒಂದು ಕಡೆ ಲಂಟಾನವನ್ನು ಬೇರು ಸಮೇತ ಕಿತ್ತು ತೆಗೆದ ಜಾಗ ಇತ್ತು. ಒಂದೆರಡು ಎಕರೆ ಇರಬಹುದು. ಅಲ್ಲಿ ಹುಲ್ಲು ಬಂದಿತ್ತು. ಆ ಹುಲ್ಲಿನಲ್ಲಿ ಹನ್ನೊಂದು ಕಾಡೆಮ್ಮೆ. ಹೆಸರಲ್ಲಿ ಎಮ್ಮೆ ಇದ್ದರೂ ಇದು ದನದ ಜಾತಿ. ಮೊಣಕಾಲವರೆಗೆ ಬಿಳಿ ಸಾಕ್ಸ್ ಹಾಕಿದ ಹಾಗೆ ಕಾಲು. ಮೈ ಮೇಲೆ ಬಿಸಿಲು ಬಿದ್ದರೆ ಸ್ಯಾಟಿನ್ ಹಾಗೆ ಹೊಳೆಯುತ್ತದೆ. ದೊಡ್ಡ ಗೂಳಿ ಒಂದು ಟನ್ ತೂಗಬಹುದು, ಅಷ್ಟು ದಪ್ಪ ಕತ್ತು. ಅದು ತಲೆ ಎತ್ತಿ ನಮ್ಮನ್ನು ನೋಡಿತು. ಮೂಗಿನಿಂದ ಹಬೆ ಬರುತ್ತಿತ್ತು. ಕರುವೊಂದು ತಾಯಿಯ ಹೊಟ್ಟೆಯ ಕೆಳಗಿನಿಂದ ಇಣುಕುತ್ತಿತ್ತು. ಅದರ ಬಣ್ಣ ಇನ್ನೂ ಕಂದು. ಹತ್ತು ನಿಮಿಷ ನಿಂತೆವು. ಅವು ಮೇಯುವ ಸದ್ದು, ಹುಲ್ಲು ಕಿತ್ತುಬರುವ ಸದ್ದು, ಜೀಪಿನವರೆಗೆ ಕೇಳಿಸುತ್ತಿತ್ತು. ಅವತ್ತು ನಮ್ಮ ಜೊತೆ ಇದ್ದದ್ದು ಬೇರೆ ಜನ, ಒಂದು ಸಂಸಾರ. ಅವರ ಆರು ವರ್ಷದ ಹುಡುಗಿ ಬಾಯಿಗೆ ಕೈ ಮುಚ್ಚಿಕೊಂಡು ನೋಡುತ್ತಿದ್ದಳು.

ಒಂದು ಎತ್ತರದ ಜಾಗದಿಂದ ಮೇಲಿನ ಬೆಟ್ಟಗಳು ಕಾಣುತ್ತವೆ. ನೆತ್ತಿ ಪೂರ್ತಿ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು. ಅದು ಶೋಲಾ. ಸೋಲಿಗರು ಹಳ್ಳದ ಬದಿಯ ಇಂಥ ದಟ್ಟ ಕಾಡಿಗೆ ಕಾನು ಅನ್ನುತ್ತಾರಂತೆ. ಅಲ್ಲಿಗೆ ಸಫಾರಿ ಹೋಗುವುದಿಲ್ಲ, ಹೋಗದಿರುವುದೇ ಸರಿ. ಮಳೆ ನೀರು ಆ ಮಡಿಕೆಗಳಲ್ಲಿ ಇಂಗಿ, ವರ್ಷವೆಲ್ಲ ಸ್ವಲ್ಪ ಸ್ವಲ್ಪವೇ ಕೆಳಗೆ ಬರುತ್ತದೆ. ಭಾರ್ಗವಿ, ಸುವರ್ಣಾವತಿ ಹೊಳೆಗಳಿಗೆ ಈ ಬೆಟ್ಟಗಳ ನೀರೇ. ಆಮೇಲೆ ಕಾವೇರಿಗೆ. ಮೇಲಿನ ಹೊನ್ನಮೇಟಿ ಕಡೆ ಸಿಕ್ಕ ಒಂದು ಪುಟ್ಟ ಪೊದೆಗಪ್ಪೆಗೆ ವಿಜ್ಞಾನಿಗಳು ಆ ಜಾಗದ ಹೆಸರನ್ನೇ ಇಟ್ಟಿದ್ದಾರೆ. ಇನ್ನೂ ಏನೇನು ಇದೆಯೋ ಆ ಮಡಿಕೆಗಳಲ್ಲಿ.

ಸಫಾರಿ ಮುಗಿಸಿ ಬೆಟ್ಟಕ್ಕೆ ಹೋಗಿ ರಂಗನಾಥನ ದರ್ಶನ ಮಾಡಿದೆವು. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗಪ್ಪ ಮದುವೆಯಾದ, ಹಾಗಾಗಿ ಅವನು ಸೋಲಿಗರಿಗೆಲ್ಲ ಭಾವ. ಡ್ರೈವರ್ ಅಣ್ಣನೂ ಹೊರಡುವಾಗ ಅದನ್ನೇ ಹೇಳಿ ಕಳಿಸಿದ್ದರು, "ನಮ್ಮ ಭಾವನ್ನ ಕೇಳಿದೆ ಅಂತ ಹೇಳಿ" ಅಂತ. ದೇವಸ್ಥಾನದಲ್ಲಿ ದೇವರ ದೊಡ್ಡ ಚರ್ಮದ ಪಾದರಕ್ಷೆಯನ್ನು ತಲೆಗೆ ಮುಟ್ಟಿಸುತ್ತಾರೆ. ರಂಗಪ್ಪ ಅದನ್ನು ಮೆಟ್ಟಿಕೊಂಡು ರಾತ್ರಿ ಕಾಡು ಸುತ್ತುತ್ತಾನೆ, ಅದಕ್ಕೇ ಸವೆಯುತ್ತದೆ ಅನ್ನುವುದು ನಂಬಿಕೆ. ಬೂದಿತಿಟ್ಟು ಅನ್ನುವ ಊರಿನವರು ಹೊಸದು ಮಾಡಿ ತಂದು ಒಪ್ಪಿಸುತ್ತಾರೆ. ಅಪ್ಪ ಕಣ್ಣು ಮುಚ್ಚಿ ಜಾಸ್ತಿ ಹೊತ್ತು ನಿಂತಿದ್ದರು.

ಹೋಗುವವರಿಗೆ ಕೆಲವು ಮಾತು. ದರ ಬದಲಾಗುತ್ತಿರುತ್ತದೆ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಶನಿವಾರ ಭಾನುವಾರ ಬಿಟ್ಟು ಹೋಗಿ, ಜನ ಕಡಿಮೆ ಇರುತ್ತಾರೆ. ನನ್ನ ಫೋನಿಗೆ ಕಾಡಿನಲ್ಲಿ ಸಿಗ್ನಲ್ ಸಿಗಲಿಲ್ಲ, ಮನೆಯವರಿಗೆ ಮೊದಲೇ ಹೇಳಿಬಿಟ್ಟಿರಿ. ಕತ್ತಲಾಗುವುದರೊಳಗೆ ಗೇಟು ದಾಟಿಕೊಳ್ಳಿ. ತಿಂಡಿ ಪೊಟ್ಟಣ, ಪ್ಲಾಸ್ಟಿಕ್ ಒಳಗೆ ತರಬೇಡಿ, ಕೋತಿಗೆ ಏನೂ ಕೊಡಬೇಡಿ. ಬೈನಾಕ್ಯುಲರ್ ಇದ್ದರೆ ತನ್ನಿ. ನನ್ನ ಹತ್ತಿರ ಇರಲಿಲ್ಲ, ಆ ಸಂಸಾರದವರು ಕೊಟ್ಟರು, ಕೆಂಪು ಹೊಟ್ಟೆಯ ಮಿನುಗು ಹಕ್ಕಿಯೊಂದನ್ನು ನೋಡಿದೆ. ಸೋಲಿಗರು ಬೆಳೆದ ಕಾಫಿಪುಡಿ, ಜೇನು ಬೆಟ್ಟದಲ್ಲಿ ಸಿಗುತ್ತದೆ. ಎರಡೂ ತಂದೆ. ಕಾಫಿ ತುಂಬ ಚೆನ್ನಾಗಿದೆ.

ವಾಪಸ್ ಬರುವಾಗ ಕೆ. ಗುಡಿ ದಾಟಿ ಇಳಿಯುತ್ತಿದ್ದೆವು. ನಾನೇ ಕಾರು ಓಡಿಸುತ್ತಿದ್ದೆ. ಆ ತಿರುವು ಬರುವ ಮೊದಲೇ ಅಪ್ಪನ ಎಡಗೈ ತಾನಾಗಿ ಗೇರಿನ ಕಡೆ ಹೋಯಿತು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ನಾನು ಸೆಕೆಂಡ್ ಗೇರಿಗೆ ತಂದು ನಿಧಾನ ಮಾಡಿದೆ. "ಅದೋ, ಅಲ್ಲಿ, ಹೂವಿನ ಹಿಂದೆ ನೋಡು" ಅಂದರು. ಲಂಟಾನದ ಎರಡು ಗೊಂಚಲುಗಳ ನಡುವೆ, ಅಂಗೈ ಅಗಲದಷ್ಟು, ಕಪ್ಪು ಕಲ್ಲು ಕಂಡಿತು.